ಎರಡು ವಿಮಾನ ನಿಲ್ದಾಣ, ನಡುವೆ ಒಂದು ಶಿಳ್‌ಫಾಟಾ

ಊರಿಗೆ ವಿಮಾನದಲ್ಲಿ ಹೊರಡುವ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕನ್ನಡಿಗರಿಗೆ ಹೊಸ ಲೆಕ್ಕಾಚಾರ

ಡೊಂಬಿವಲಿ: 2025ರ ಡಿಸೆಂಬರ್ 25ರ ಬೆಳಿಗ್ಗೆ 8 ಗಂಟೆಗೆ ನವಿಮುಂಬಯಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಲ ವಿಮಾನ ಇಳಿಯಿತು. ಅದು ಬಂದದ್ದು ಬೆಂಗಳೂರಿನಿಂದ. ಇಕ್ಕೆಲದಿಂದ ನೀರು ಚಿಮ್ಮಿಸಿ ಅದನ್ನು ಸ್ವಾಗತಿಸಲಾಯಿತು. ಹೊಸ ನಿಲ್ದಾಣದಿಂದ ಇಂಡಿಗೊ ಸಂಸ್ಥೆ ಮೊದಲಿಗೆ ಪ್ರಕಟಿಸಿದ ಹತ್ತು ಊರುಗಳ ಪಟ್ಟಿಯಲ್ಲಿ ಬೆಂಗಳೂರಿನ ಜತೆಗೆ ಮಂಗಳೂರಿನ ಹೆಸರೂ ಇತ್ತು. ವರ್ಷಗಳಿಂದ ಸಹಾರ್, ಸಾಂತಾಕ್ರೂಜ್‌ಗೆ ಏಗುತ್ತಿದ್ದ ಮಧ್ಯ ರೈಲ್ವೆ ಮಾರ್ಗದ ಕನ್ನಡಿಗರಿಗೆ ಸಹಜವಾಗಿಯೇ ಸಂತಸವಾಯಿತು. ‘ಇನ್ನು ನಮಗೆ ವಿಮಾನ ನಿಲ್ದಾಣ ಹತ್ತಿರವಾಯಿತು’ ಎಂಬ ಮಾತು ಸಂಘದ ಸಭೆಗಳಲ್ಲೂ ಮದುವೆ ಮಂಟಪಗಳಲ್ಲೂ ಕೇಳಿಬರುತ್ತಿದೆ.

ಹತ್ತಿರವಾದದ್ದು ನಿಜವೇ? ನವಿಮುಂಬಯಿಯವರ ಮಟ್ಟಿಗೆ ಹೌದು. ಥಾಣೆಯವರ ಮಟ್ಟಿಗೆ ಅಲ್ಲ. ಡೊಂಬಿವಲಿ, ಕಲ್ಯಾಣದವರ ಮಟ್ಟಿಗೆ ಉತ್ತರ ಅಷ್ಟು ಸುಲಭವಿಲ್ಲ. ಮನೆ ಎಲ್ಲಿ, ಹೊರಡುವ ಹೊತ್ತು ಯಾವುದು, ಇಳಿಯಬೇಕಾದ ಊರು ಯಾವುದು ಎಂಬುದರ ಮೇಲೆ ಅದು ನಿಂತಿದೆ. ಈ ಲೆಕ್ಕವನ್ನು ಟಿಕೆಟ್ ಕೊಳ್ಳುವ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಭೂಪಟ ಹೇಳುವ ಮಾತು

ಸಹಾರ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣಕ್ಕೂ ಉಲ್ವೆ ಬಳಿಯ ಹೊಸ ನಿಲ್ದಾಣಕ್ಕೂ ನಡುವೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಸುಮಾರು 24 ಕಿ.ಮೀ. ಮಾತ್ರ. ರಸ್ತೆಯಲ್ಲಿ ಹೋದರೆ 35ರಿಂದ 40 ಕಿ.ಮೀ. ಆಗುತ್ತದೆ. ಅದೇ ರೀತಿ ಗೆರೆ ಎಳೆದು ನೋಡಿದರೆ ಥಾಣೆ ರೈಲು ನಿಲ್ದಾಣದಿಂದ ಸಹಾರ್ ಸುಮಾರು 16 ಕಿ.ಮೀ., ಹೊಸ ನಿಲ್ದಾಣ ಸುಮಾರು 24 ಕಿ.ಮೀ. ದೂರ. ವಾಶಿಯಿಂದ ಸಹಾರ್ 14, ಹೊಸ ನಿಲ್ದಾಣ 11. ನೆರೂಳಿನವರಿಗೆ ಹೊಸದು 7-8 ಕಿ.ಮೀ.ಗಳಲ್ಲೇ ಇದೆ. ಪನ್ವೇಲ್‌ನವರಿಗೆ ಇನ್ನೂ ಹತ್ತಿರ.

ಅಚ್ಚರಿ ಇರುವುದು ಡೊಂಬಿವಲಿಯ ಅಂಕಿಯಲ್ಲಿ. ಅಲ್ಲಿಂದ ಸಹಾರ್ ಸುಮಾರು 27 ಕಿ.ಮೀ., ಹೊಸ ನಿಲ್ದಾಣ ಸುಮಾರು 25 ಕಿ.ಮೀ. ಹೆಚ್ಚು ಕಡಿಮೆ ಎರಡೂ ಸಮಸಮ. ಕಲ್ಯಾಣದಿಂದ ಸಹಾರ್ 32, ಹೊಸ ನಿಲ್ದಾಣ 28. ಗಳಿಸಿದ್ದು ನಾಲ್ಕು ಕಿ.ಮೀ. ಅಷ್ಟೇ.

ಆದರೆ ಮನುಷ್ಯ ಕಾಗೆಯಂತೆ ನೇರವಾಗಿ ಹಾರಲಾರ. ಡೊಂಬಿವಲಿ ಪೂರ್ವದಿಂದ ಟ್ಯಾಕ್ಸಿ ಹಿಡಿದವರು ಸಾಮಾನ್ಯವಾಗಿ ಕಲ್ಯಾಣ್–ಶಿಳ್ ರಸ್ತೆಗೇ ಬರಬೇಕು. ಅಲ್ಲಿಂದ ಮಹಾಪೆ, ಐರೋಲಿ ಸೇತುವೆ, ಪೊವಾಯಿ ದಾಟಿ ಸಹಾರ್‌ಗೆ ಹೋಗುವವರಿಗೂ ಶಿಳ್‌ಫಾಟಾ ತಪ್ಪಿದ್ದಲ್ಲ, ಮಹಾಪೆ ಅಥವಾ ತಳೋಜಾ ಮೂಲಕ ಹೊಸ ನಿಲ್ದಾಣಕ್ಕೆ ಹೋಗುವವರಿಗೂ ತಪ್ಪಿದ್ದಲ್ಲ. ಈ ರಸ್ತೆಯ ಗುಣ ಡೊಂಬಿವಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಜೆಎನ್‌ಪಿಟಿ ಬಂದರಿನ ಕಂಟೇನರ್ ಲಾರಿಗಳು, ಗೋದಾಮುಗಳ ಟ್ರಕ್ಕುಗಳು, ಕಚೇರಿಯ ಬಸ್ಸುಗಳು ಎಲ್ಲವೂ ಒಂದೇ ಬಾಯಲ್ಲಿ ನುಗ್ಗುವ ಜಾಗವದು. ಕಲ್ಯಾಣ್–ತಳೋಜಾ ಮೆಟ್ರೊ 12ನೇ ಮಾರ್ಗಕ್ಕೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ನಡೆದಿದೆ. ಅದು ಪೂರ್ಣಗೊಂಡ ದಿನ ಈ ಭಾಗಕ್ಕೆ ದೊಡ್ಡ ಉಪಕಾರವಾಗಲಿದೆ. ಆದರೆ ನಾಳೆ ಬೆಳಿಗ್ಗೆ ವಿಮಾನ ಹಿಡಿಯಬೇಕಾದವರಿಗೆ ಇಂದಿನ ರಸ್ತೆಯೇ ಗತಿ.

ಟಿಕೆಟಿನ ಗಂಟೆ, ಆಕಾಶದ ಗಂಟೆ

ಮುಂಬಯಿಯಿಂದ ಮಂಗಳೂರಿಗೆ ಆಕಾಶಮಾರ್ಗ ಸುಮಾರು 715 ಕಿ.ಮೀ. ಜೆಟ್ ವಿಮಾನ ಎತ್ತರಕ್ಕೇರಿದ ಮೇಲೆ ಗಂಟೆಗೆ 800 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆ ಲೆಕ್ಕದಲ್ಲಿ 55 ನಿಮಿಷದೊಳಗೆ ಮುಟ್ಟಬೇಕು. ಆದರೆ ಟಿಕೆಟಿನಲ್ಲಿ ಬರೆದಿರುವುದು ಒಂದೂವರೆ ಗಂಟೆಯ ಆಸುಪಾಸು. ಉಳಿದ ಹೊತ್ತು ಎಲ್ಲಿ ಹೋಯಿತು?

ವಿಮಾನ ಸಂಸ್ಥೆಗಳು ‘ಬ್ಲಾಕ್ ಟೈಮ್’ ಎಂಬ ಲೆಕ್ಕ ಇಟ್ಟುಕೊಳ್ಳುತ್ತವೆ. ವಿಮಾನ ತಾನು ನಿಂತ ಜಾಗ ಬಿಟ್ಟು ಕದಲಿದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ನಿಲ್ಲುವ ಜಾಗಕ್ಕೆ ಬಂದು ನಿಂತ ಗಳಿಗೆಯವರೆಗಿನ ಹೊತ್ತು ಅದು. ರನ್‌ವೇ ತನಕ ನೆಲದ ಮೇಲೆ ತೆವಳುವುದು, ಸರದಿಯಲ್ಲಿ ಕಾಯುವುದು, ಮೇಲೇರುವುದು, ಇಳಿಯುವ ಮುನ್ನ ವೇಗ ತಗ್ಗಿಸಿ ಸುತ್ತು ಬಳಸಿ ಬರುವುದು, ಇಳಿದು ಮತ್ತೆ ತೆವಳುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಊರು ಹತ್ತಿರವಿದ್ದರೂ ದೂರವಿದ್ದರೂ ಈ ಖರ್ಚು ಅಷ್ಟೇ. ಆದ್ದರಿಂದಲೇ ದೂರ ಅರ್ಧವಾದರೆ ಹೊತ್ತು ಅರ್ಧವಾಗುವುದಿಲ್ಲ.

ಇದಕ್ಕೆ ತಮಾಷೆಯ ಉದಾಹರಣೆ ಈ ಎರಡು ನಿಲ್ದಾಣಗಳೇ. ಸಹಾರ್‌ನಿಂದ ಉಲ್ವೆಗೆ ಇರುವ 24 ಕಿ.ಮೀ.ಯನ್ನು ಜೆಟ್ ವೇಗದಲ್ಲಿ ಭಾಗಿಸಿದರೆ ಎರಡು ನಿಮಿಷವೂ ಆಗದು. ನಿಜವಾಗಿ ಹಾರಿದರೆ ತೆವಳಿ, ಏರಿ, ಸುತ್ತಿ, ಇಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದೀತು. ಅದಕ್ಕೂ ಮುಂಚೆ ತಪಾಸಣೆಗೆ ನಿಂತದ್ದು ಬೇರೆ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನವೆಂದು ಹೆಸರಾದದ್ದು ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವಿನದು. ಅಂತರ 2.7 ಕಿ.ಮೀ., ಹಾರಾಟ ಎರಡು ನಿಮಿಷದೊಳಗೆ. ಅಲ್ಲಿ ನಡುವೆ ಸಮುದ್ರವಿದೆ, ಪುಟ್ಟ ವಿಮಾನವಿದೆ, ಸರದಿ ಇಲ್ಲ. ಆದ್ದರಿಂದ ಅದು ನಡೆಯುತ್ತದೆ.

ಮುಂಬಯಿಯ ಕಥೆ ಇದಕ್ಕೆ ತದ್ವಿರುದ್ಧ. ಇಲ್ಲಿನ ಹಳೆಯ ನಿಲ್ದಾಣದಲ್ಲಿ ಎರಡು ರನ್‌ವೇಗಳಿದ್ದರೂ ಅವು ಒಂದನ್ನೊಂದು ಕತ್ತರಿಸುತ್ತವೆ. ಹಾಗಾಗಿ ಎರಡನ್ನೂ ಏಕಕಾಲಕ್ಕೆ ಬಳಸಲಾಗದು. ದಿನಕ್ಕೆ 900ಕ್ಕೂ ಮಿಕ್ಕಿ ವಿಮಾನಗಳು ಒಂದೇ ರನ್‌ವೇ ನೆಚ್ಚಿಕೊಂಡು ಬಂದು ಹೋಗುತ್ತಿದ್ದ ಕಾಲದಲ್ಲಿ, 2024ರ ಫೆಬ್ರವರಿಯಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ಒಂದು ಹೇಳಿಕೆ ಹೊರಡಿಸಿತು. ಮುಂಬಯಿಯ ಮೇಲೆ ವಿಮಾನಗಳು ಇಳಿಯಲು ಜಾಗ ಸಿಗದೆ 40ರಿಂದ 60 ನಿಮಿಷ ಸುತ್ತು ಹಾಕಬೇಕಾಗಿದೆ, ಒಂದೊಂದು ವಿಮಾನವೂ 1.7ರಿಂದ 2.5 ಕಿಲೋಲೀಟರ್ ಇಂಧನವನ್ನು ಹೆಚ್ಚುವರಿಯಾಗಿ ಸುಡುತ್ತಿದೆ ಎಂದು ಅದರಲ್ಲಿ ಹೇಳಲಾಗಿತ್ತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 46 ಇದ್ದ ವಿಮಾನ ಸಂಚಾರವನ್ನು 44ಕ್ಕೆ ಇಳಿಸಲಾಯಿತು. ಮಂಗಳೂರಿನಿಂದ ಹೊರಟವರು ಮುಂಬಯಿಯ ದೀಪಗಳನ್ನು ಕಿಟಕಿಯಿಂದ ನೋಡುತ್ತಲೇ ಮುಕ್ಕಾಲು ಗಂಟೆ ಗಾಳಿಯಲ್ಲಿ ಕುಳಿತದ್ದರ ಕಾರಣ ಇದು. ಹೊಸ ನಿಲ್ದಾಣದಿಂದ ಆಗುವ ದೊಡ್ಡ ಲಾಭವೂ ಇಲ್ಲೇ ಇದೆ. ಹೊರೆ ಹಂಚಿಹೋದರೆ ಸಹಾರ್‌ಗೆ ಹೋಗುವವರಿಗೂ ಆಕಾಶದ ಕಾಯುವಿಕೆ ಕಡಿಮೆಯಾದೀತು.

ಚಾಲಕರೇ ದಾರಿ ತಪ್ಪಿದ್ದರು

ಹತ್ತಿರ ಹತ್ತಿರ ಎರಡು ವಿಮಾನ ನಿಲ್ದಾಣ ಮುಂಬಯಿಗೆ ಹೊಸತೇನಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹ್ಮದಾಬಾದ್ ಮಾರ್ಗವಾಗಿ ಟಪಾಲು ಹೊತ್ತು ತಂದು ಇಳಿದದ್ದು ಜುಹೂ ಮೈದಾನದಲ್ಲಿ. ಅಲ್ಲಿಂದ ಅದೇ ಟಪಾಲನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು, ನಮ್ಮ ಬಳ್ಳಾರಿಯ ಮೂಲಕ. ಮುಂದೆ ಕೆಲವೇ ಕಿ.ಮೀ. ಅಂತರದಲ್ಲಿ ಸಾಂತಾಕ್ರೂಜ್ ನಿಲ್ದಾಣ ಬೆಳೆಯಿತು. ಎರಡೂ ಎಷ್ಟು ಹತ್ತಿರವೆಂದರೆ ವಿಮಾನ ಚಾಲಕರಿಗೇ ಗೊಂದಲವಾದದ್ದುಂಟು. 1953ರ ಜುಲೈಯಲ್ಲಿ ಬಿಒಎಸಿಯ ಕಾಮೆಟ್ ವಿಮಾನ ಸಾಂತಾಕ್ರೂಜ್ ಬದಲು ಜುಹೂವಿನ ಚಿಕ್ಕ ರನ್‌ವೇಯಲ್ಲಿ ಇಳಿದುಬಿಟ್ಟಿತ್ತು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ಕೂಡ ಅಲ್ಲೇ ಇಳಿದು ರನ್‌ವೇ ದಾಟಿ ಮುಂದೆ ಹೋಗಿ ನಿಂತಿತು.

ನುರಿತ ಚಾಲಕರಿಗೇ ಹೀಗಾಗಿದ್ದರೆ ಪ್ರಯಾಣಿಕರ ಪಾಡೇನು? ಗೋವಾದಲ್ಲಿ ಇದು ಈಗಾಗಲೇ ಅನುಭವಕ್ಕೆ ಬಂದ ವಿಷಯ. 2023ರ ಜನವರಿ 5ರಂದು ಮೋಪಾದಲ್ಲಿ ವಿಮಾನ ಸಂಚಾರ ಆರಂಭವಾದ ಮೇಲೂ ಹಳೆಯ ದಾಬೋಲಿಂ ಮುಚ್ಚಲಿಲ್ಲ. ಕಾರವಾರ, ಅಂಕೋಲದವರಿಗೆ ದಾಬೋಲಿಂ ಅನುಕೂಲ, ಉತ್ತರದ ಸಾವಂತವಾಡಿಯ ಕಡೆಯವರಿಗೆ ಮೋಪಾ. ಟಿಕೆಟಿನಲ್ಲಿ ಬರೀ ‘ಗೋವಾ’ ಎಂದು ನೋಡಿ ಹೊರಟವರು ರಾಜ್ಯದ ಇನ್ನೊಂದು ತುದಿಗೆ ಓಡಬೇಕಾದೀತು. ಬೆಂಗಳೂರಿನಲ್ಲಿ ಇಂಥ ಗೊಂದಲ ಬರಲಿಲ್ಲ. 2008ರ ಮೇ 24ರಂದು ದೇವನಹಳ್ಳಿ ತೆರೆದ ದಿನವೇ ಎಚ್‌ಎಎಲ್ ನಿಲ್ದಾಣದ ನಿತ್ಯದ ಪ್ರಯಾಣಿಕ ವಿಮಾನಗಳು ಅಲ್ಲಿಗೆ ಹೋದವು. ಮುಂಬಯಿ ಮಾತ್ರ ಗೋವಾದ ಹಾದಿ ಹಿಡಿದಿದೆ. ಎರಡೂ ತೆರೆದಿವೆ, ಎರಡಕ್ಕೂ ಹೆಸರು ‘ಮುಂಬಯಿ’.

ಆದ್ದರಿಂದ ಟಿಕೆಟಿನ ಮೇಲಿನ ಮೂರಕ್ಷರದ ಸಂಕೇತ ನೋಡುವುದು ಇನ್ನು ಮುಂದೆ ಅಗತ್ಯ. ‘ಬಿಒಎಂ’ ಎಂದಿದ್ದರೆ ಹಳೆಯ ನಿಲ್ದಾಣ, ‘ಎನ್‌ಎಂಐ’ ಎಂದಿದ್ದರೆ ನವಿಮುಂಬಯಿ. ಹಳೆಯದಾದರೆ ಟರ್ಮಿನಲ್ 1 ಯಾವುದು, 2 ಯಾವುದು ಎಂಬುದನ್ನೂ ನೋಡಬೇಕು. ಅಂಧೇರಿ, ಪಾರ್ಲೆ ಕಡೆಯ ಏಜೆಂಟರ ಮೂಲಕ ಅಥವಾ ಊರಿನಲ್ಲಿರುವ ಮಕ್ಕಳ ಮೂಲಕ ಟಿಕೆಟ್ ಮಾಡಿಸುವ ಹಿರಿಯರು ಈ ಮಾತನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ಹೋಗುವಾಗ ಒಂದು ನಿಲ್ದಾಣ, ಬರುವಾಗ ಇನ್ನೊಂದು ನಿಲ್ದಾಣ ಆಗುವ ಸಂಭವವೂ ಇದೆ.

ಕೊಲ್ಲಿ ರಾಷ್ಟ್ರಗಳಿಂದ ಬರುವ ಕರಾವಳಿಯವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಹಾರ್‌ನಲ್ಲಿ ಇಳಿದು ನವಿಮುಂಬಯಿಯಿಂದ ಮಂಗಳೂರಿಗೆ ಬೇರೆ ಟಿಕೆಟ್ ಮಾಡಿಸಿದರೆ, ವಲಸೆ ತಪಾಸಣೆ, ಕಸ್ಟಮ್ಸ್ ಮುಗಿಸಿ, ಪೆಟ್ಟಿಗೆ ತಾವೇ ಎತ್ತಿಕೊಂಡು ಖಾಡಿ ದಾಟಿ ಹೋಗಬೇಕು. ನಡುವೆ ಐದಾರು ಗಂಟೆಯಾದರೂ ಇಲ್ಲದಿದ್ದರೆ ಅಂಥ ಟಿಕೆಟ್ ಮಾಡಿಸದಿರುವುದೇ ಲೇಸು.

ಊರಿನ ತುದಿಯಲ್ಲೂ ಅದೇ ಪ್ರಶ್ನೆ

ಇಲ್ಲಿ ಏರುವ ನಿಲ್ದಾಣ ಎರಡಾದಂತೆ ಊರಿನಲ್ಲಿ ಇಳಿಯುವ ನಿಲ್ದಾಣವೂ ಕೆಲವರಿಗೆ ಎರಡಿವೆ. ಡೊಂಬಿವಲಿ, ಕಲ್ಯಾಣ್ ಭಾಗದ ಉತ್ತರ ಕರ್ನಾಟಕದವರನ್ನೇ ನೋಡಿ. ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಗಳ ನಡುವೆ ಆಕಾಶಮಾರ್ಗ ಸುಮಾರು 75 ಕಿ.ಮೀ. ಮಾತ್ರ. ಮುಂಬಯಿಯಿಂದ ಬೆಳಗಾವಿ ಸುಮಾರು 405 ಕಿ.ಮೀ., ಹುಬ್ಬಳ್ಳಿ 475 ಕಿ.ಮೀ. ಈ 70 ಕಿ.ಮೀ. ವ್ಯತ್ಯಾಸ ಜೆಟ್ ವಿಮಾನಕ್ಕೆ ಐದಾರು ನಿಮಿಷದ ಮಾತು. ಆದರೆ ಇಳಿದ ಮೇಲೆ ಅದೇ ದೂರ ರಸ್ತೆಯಲ್ಲಿ ಒಂದೂವರೆ ಗಂಟೆ. ಸಾಂಬ್ರಾ ಇರುವುದು ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ. ಹಾಗಾಗಿ ಗೋಕಾಕ, ಯರಗಟ್ಟಿ ಕಡೆಯವರು ನಗರದೊಳಗೆ ಹೋಗದೆಯೇ ಊರ ದಾರಿ ಹಿಡಿಯಬಹುದು. ಧಾರವಾಡ, ಗದಗ, ಹಾವೇರಿಯವರಿಗೆ ಹುಬ್ಬಳ್ಳಿಯೇ ಸರಿ. ಕಿತ್ತೂರಿನ ಸುತ್ತಲಿನವರು ನಡುವೆ ನಿಂತವರು. ಅವರು ಟಿಕೆಟಿನ ದರಕ್ಕಿಂತ ವಿಮಾನದ ಹೊತ್ತನ್ನು ನೋಡಿ ತೀರ್ಮಾನಿಸುವುದು ಜಾಣತನ.

ಕರಾವಳಿಯಲ್ಲಿ ಕಾಸರಗೋಡಿನವರ ಸ್ಥಿತಿಯೂ ಹೀಗೆಯೇ. ದಕ್ಷಿಣಕ್ಕೆ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ 2018ರ ಡಿಸೆಂಬರ್ 9ರಂದು ತೆರೆದರೂ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರೇ ಹತ್ತಿರ. ಅಂದ ಹಾಗೆ, ಮಂಗಳೂರಿನ ಬಜ್ಪೆ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದಾಗ. ಸರಿಯಾಗಿ 74 ವರ್ಷಗಳ ಬಳಿಕ ಅದೇ ದಿನ ನವಿಮುಂಬಯಿಯಲ್ಲಿ ಸಂಚಾರ ಆರಂಭವಾಗಿದೆ.

ಗಂಟೆಗಳ ಬೆಲೆ ತಿಳಿಯುವ ದಿನ

ಮದುವೆ, ಜಾತ್ರೆ, ಕೋಲ, ಬ್ರಹ್ಮಕಲಶಗಳಿಗೆ ಹೋಗುವವರು ಮೊದಲೇ ಯೋಚಿಸಿ ಹೊರಡುತ್ತಾರೆ. ತಡವಾದರೆ ಊಟದ ಪಂಕ್ತಿ ಒಂದು ತಪ್ಪೀತು. ಆದರೆ ಹೊರನಾಡಿನಲ್ಲಿ ಬದುಕುವ ಪ್ರತಿ ಮನೆಗೂ ಒಂದಲ್ಲ ಒಂದು ಮುಂಜಾನೆ ಬೇರೆ ಬಗೆಯ ಫೋನು ಬರುತ್ತದೆ. ತಾಯಿಯೋ ತಂದೆಯೋ ಹೋದರು, ಸಂಜೆ ಕತ್ತಲಾಗುವ ಮುನ್ನ ಮುಗಿಸಬೇಕು ಎನ್ನುತ್ತಾರೆ ಊರಿನ ಹಿರಿಯರು. ಮಗ ಬರುವ ತನಕ ಕಾಯಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸುವುದು ಮಗ ಹೇಳುವ ಹೊತ್ತನ್ನು ನಂಬಿ.

ಆಗ ‘ವಿಮಾನ ಒಂದೂವರೆ ಗಂಟೆ, ಮಧ್ಯಾಹ್ನಕ್ಕೆ ಬರುತ್ತೇನೆ’ ಎಂದು ಬಿಡುವುದು ಸುಲಭ. ಆದರೆ ಡೊಂಬಿವಲಿಯ ಮನೆಯಿಂದ ಉಡುಪಿಯ ಮನೆಯವರೆಗಿನ ಲೆಕ್ಕ ಬೇರೆ. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ. ಪೆಟ್ಟಿಗೆ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ, ಗೇಟು ಸುಮಾರು 25 ನಿಮಿಷ ಮೊದಲೇ ಮುಚ್ಚುವುದರಿಂದ ಅಲ್ಲಿ ಎರಡು ಗಂಟೆ ಇಟ್ಟುಕೊಳ್ಳಬೇಕು. ವಿಮಾನ ಒಂದೂವರೆ ಗಂಟೆ. ಇಳಿದು ಹೊರಬರಲು ಅರ್ಧ ಗಂಟೆ. ಬಜ್ಪೆಯಿಂದ ಉಡುಪಿಗೆ ಒಂದೂವರೆ ಗಂಟೆ. ಒಟ್ಟು ಏಳು ಗಂಟೆ. ಕುಂದಾಪುರವಾದರೆ ಎಂಟು. ಇದರಲ್ಲಿ ವಿಮಾನದ ಪಾಲು ಐದರಲ್ಲಿ ಒಂದು ಭಾಗವಷ್ಟೇ. ಉಳಿದ ನಾಲ್ಕು ಭಾಗ ನೆಲದ ಮೇಲೇ ಕಳೆಯುತ್ತದೆ.

ಬೆಳಿಗ್ಗೆ ಎಂಟಕ್ಕೆ ಫೋನು ಬಂದು ಹನ್ನೊಂದೂವರೆಯ ವಿಮಾನಕ್ಕೆ ಜಾಗ ಸಿಕ್ಕಿದರೆ ಮೂರೂವರೆಯೊಳಗೆ ಉಡುಪಿ ಮುಟ್ಟಬಹುದು. ಅದೇ ಹೊತ್ತಿಗೆ ಶಿಳ್‌ಫಾಟಾದಲ್ಲಿ ಒಂದು ಗಂಟೆ ಸಿಕ್ಕಿಬಿದ್ದು ಆ ವಿಮಾನ ತಪ್ಪಿದರೆ ಮುಂದಿನದು ಸಂಜೆ ಇರಬಹುದು. ಕಳೆದುಹೋದದ್ದು ಒಂದು ಗಂಟೆಯಲ್ಲ, ಕೊನೆಯ ಮುಖ.

ಹಿಂದಿನವರಿಗೆ ಈ ಅವಕಾಶವೇ ಇರಲಿಲ್ಲ ಎಂಬುದೂ ನಿಜ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಳ್ಳುವ ಮೊದಲು ಘಟ್ಟ ಸುತ್ತಿ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದು ಊರು ಸೇರುತ್ತಿದ್ದ ಪೀಳಿಗೆ ನಮ್ಮಲ್ಲಿ ಇನ್ನೂ ಇದೆ. ತಂತಿ ಕೈಸೇರುವಷ್ಟರಲ್ಲೇ ಎಲ್ಲ ಮುಗಿದಿರುತ್ತಿತ್ತು. ಇಂದು ಏಳು ಗಂಟೆಯಲ್ಲಿ ಮುಟ್ಟಲು ಸಾಧ್ಯವಿರುವಾಗ, ತಪ್ಪು ನಿಲ್ದಾಣಕ್ಕೆ ಹೋಗಿ ಅದನ್ನು ಕಳೆದುಕೊಳ್ಳುವುದು ದುಃಖದ ಮೇಲೆ ದುಃಖ.

ರೈಲನ್ನು ಮರೆಯಬೇಡಿ

ರಸ್ತೆಯನ್ನು ನಂಬಲಾಗದವರಿಗೆ ಎರಡೂ ನಿಲ್ದಾಣಗಳಿಗೆ ರೈಲಿನ ದಾರಿ ಇದೆ. ಸಹಾರ್‌ಗೆ ಹೋಗುವವರು ಕಲ್ಯಾಣ್, ಡೊಂಬಿವಲಿ, ಥಾಣೆಯಿಂದ ಲೋಕಲ್ ಹಿಡಿದು ಘಾಟ್‌ಕೋಪರ್‌ನಲ್ಲಿ ಇಳಿದು, 2014ರಿಂದ ಓಡುತ್ತಿರುವ ಮೆಟ್ರೊ 1ರಲ್ಲಿ ಮರೋಳ್ ನಾಕಾ ತನಕ ಹೋಗಬಹುದು. ಅಲ್ಲಿ ಭೂಗತ ಮೆಟ್ರೊ 3ಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಟರ್ಮಿನಲ್ 2. ಮೆಟ್ರೊ 3ರ ಮೊದಲ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದರ ಕೊನೆಯ ಹಂತವನ್ನೂ ನವಿಮುಂಬಯಿ ವಿಮಾನ ನಿಲ್ದಾಣವನ್ನೂ ಪ್ರಧಾನಿ ನರೇಂದ್ರ ಮೋದಿ ಅವರು ಒಂದೇ ದಿನ, 2025ರ ಅಕ್ಟೋಬರ್ 8ರಂದು, ಉದ್ಘಾಟಿಸಿದರು.

ಹೊಸ ನಿಲ್ದಾಣಕ್ಕೆ ಹೋಗುವವರು ಥಾಣೆಯಲ್ಲಿ ಟ್ರಾನ್ಸ್‌ಹಾರ್ಬರ್ ರೈಲಿಗೆ ಬದಲಿಸಿ ನೆರೂಳ್ ಅಥವಾ ಪನ್ವೇಲ್‌ನಲ್ಲಿ ಇಳಿದು ರಿಕ್ಷಾ, ಟ್ಯಾಕ್ಸಿ ಹಿಡಿಯಬಹುದು. ನೆರೂಳ್–ಉರಣ್ ಮಾರ್ಗದ ತರಘರ್ ನಿಲ್ದಾಣ ವಿಮಾನ ನಿಲ್ದಾಣಕ್ಕೆ ಸಮೀಪ. ಆದರೆ ಉರಣ್ ಮಾರ್ಗದಲ್ಲಿ ರೈಲುಗಳು ವಿರಳ. ವೇಳೆ ನೋಡಿಕೊಂಡೇ ಹೊರಡಬೇಕು. ಎರಡು ಪೆಟ್ಟಿಗೆ, ಒಂದು ಹಲಸಿನಕಾಯಿ ಚೀಲ ಹಿಡಿದು ಬೆಳಗಿನ ಲೋಕಲ್ ಹತ್ತುವುದು ಸುಲಭವಲ್ಲ, ಸರಿ. ಆದರೆ ಕೈಚೀಲವೊಂದನ್ನೇ ಹಿಡಿದು ಅವಸರದಲ್ಲಿ ಹೊರಟವರಿಗೆ ಇದಕ್ಕಿಂತ ನಂಬಿಗಸ್ತ ದಾರಿ ಇಲ್ಲ.

ಸಂಘ–ಸಂಸ್ಥೆಗಳಿಂದ ಆಗಬೇಕಾದ್ದು

ಥಾಣೆಯಿಂದ ಪನ್ವೇಲ್‌ವರೆಗೆ ಕನ್ನಡ ಸಂಘಗಳಿಗೂ ಜಾತೀಯ ಸಂಸ್ಥೆಗಳಿಗೂ ಕೊರತೆಯಿಲ್ಲ. ಪ್ರತಿಯೊಂದೂ ತನ್ನ ಫಲಕದಲ್ಲಿ ಒಂದು ಹಾಳೆ ಅಂಟಿಸಿದರೂ ಸಾಕು. ಎರಡು ನಿಲ್ದಾಣಗಳ ಸಂಕೇತ, ತಮ್ಮ ಬಡಾವಣೆಯಿಂದ ಹೋಗುವ ದಾರಿ, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿಗೆ ಎಲ್ಲಿಂದ ಯಾವ ಹೊತ್ತಿಗೆ ವಿಮಾನವಿದೆ ಎಂಬ ವಿವರ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುವುದರಿಂದ ವರ್ಷಕ್ಕೆರಡು ಬಾರಿ ಆ ಹಾಳೆಯನ್ನು ಬದಲಿಸಬೇಕು. ಒಂಟಿಯಾಗಿ ಪ್ರಯಾಣಿಸುವ ಹಿರಿಯರನ್ನು ನಿಲ್ದಾಣಕ್ಕೆ ಮುಟ್ಟಿಸಲು ಯುವ ವಿಭಾಗದವರು ಮುಂದೆ ಬಂದರೆ ಅದೂ ಒಂದು ಸಮಾಜಸೇವೆಯೇ.

ಇನ್ನೊಂದು ಕೆಲಸ ಒಟ್ಟಾಗಿ ಮಾಡಬೇಕಾದದ್ದು. ಕಲ್ಯಾಣ್, ಡೊಂಬಿವಲಿಯಿಂದ ಹೊಸ ನಿಲ್ದಾಣಕ್ಕೆ ಬೆಳಗಿನ ಜಾವವೂ ರಾತ್ರಿಯೂ ಓಡುವ ಸಾಕಷ್ಟು ನೇರ ಬಸ್ಸುಗಳು ಬೇಕು. ಹುಬ್ಬಳ್ಳಿ, ಬೆಳಗಾವಿ ಕಡೆಗೆ ನವಿಮುಂಬಯಿಯಿಂದ ಅನುಕೂಲದ ಹೊತ್ತಿನ ವಿಮಾನಗಳು ಬೇಕು. ಹೊಸ ನಿಲ್ದಾಣದ ಮೊದಲ ಟರ್ಮಿನಲ್ ವರ್ಷಕ್ಕೆ 2 ಕೋಟಿ ಪ್ರಯಾಣಿಕರಿಗಾಗಿ ಕಟ್ಟಿದ್ದು, ಎಲ್ಲ ಹಂತ ಮುಗಿದಾಗ 9 ಕೋಟಿಯ ಗುರಿ ಇದೆ. ಅಲ್ಲಿಂದ ಯಾವ ಊರಿಗೆ ಎಷ್ಟು ವಿಮಾನ ಎಂಬುದು ಬೇಡಿಕೆ ನೋಡಿಯೇ ನಿರ್ಧಾರವಾಗುತ್ತದೆ. ಕೊಂಕಣ ರೈಲ್ವೆಯ ಕಾಲದಲ್ಲಿ ಮನವಿ ಪತ್ರ ಹಿಡಿದು ಓಡಾಡಿದ ಅನುಭವ ನಮ್ಮ ಸಂಸ್ಥೆಗಳಿಗಿದೆ. ಸಂಘಗಳು ಪ್ರತ್ಯೇಕವಾಗಿ ಬರೆಯುವ ಬದಲು ಒಂದೇ ಮನವಿಗೆ ಎಲ್ಲರೂ ಸಹಿ ಹಾಕಿದರೆ ಅದಕ್ಕೆ ತೂಕ ಹೆಚ್ಚು.

ಅಲ್ಲಿಯತನಕ ಟಿಕೆಟ್ ಕೊಳ್ಳುವ ಪ್ರತಿಯೊಬ್ಬರೂ ಎರಡು ಪ್ರಶ್ನೆ ಕೇಳಿಕೊಳ್ಳಲಿ: ವಿಮಾನ ಏರುವುದು ಯಾವ ನಿಲ್ದಾಣದಿಂದ, ಮನೆಯ ಬಾಗಿಲಿನಿಂದ ಊರಿನ ಬಾಗಿಲಿಗೆ ಒಟ್ಟು ಎಷ್ಟು ಹೊತ್ತು. ಊರಿನವರಿಗೆ ಹೇಳಬೇಕಾದ್ದು ಆ ಎರಡನೆಯ ಉತ್ತರವನ್ನು.